ಖಾಲಿ ಕಳಿಸಬಾರದ ಬಟ್ಟಲು

ಬೇರೆಯವರ ವಸ್ತು ನಮ್ಮ ಮನೆಯಲ್ಲಿ ಉಳಿದುಬಿಟ್ಟರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಇದನ್ನು ನೀವು ಪ್ರಾಮಾಣಿಕತೆ ಎಂದುಕೊಂಡರೆ ನನಗೆ ಸಂತೋಷವೇ. ಆದರೆ ನಿಜ ಹೇಳಬೇಕೆಂದರೆ ಇದು ಬರೀ ಪುಕ್ಕಲುತನ. ಯಾರದೋ ಕೊಡೆಯನ್ನು ಒಂದು ಸಂಜೆಗೆಂದು ತಂದಿಟ್ಟರೆ ಅದು ಬಾಗಿಲ ಹಿಂದೆ ನಿಂತು, 'ಹೊರಡೋಣವಾ?' ಎಂದು ನನ್ನನ್ನೇ ಕೇಳುತ್ತಿರುವಂತೆ ಅನ್ನಿಸುತ್ತದೆ. ಅದನ್ನು ಕೊಟ್ಟು ಬರುವವರೆಗೂ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನನ್ನ ಹೆಂಡತಿ ಗಿರಿಜೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಬೇರೆಯವರ ವಸ್ತು ನಮ್ಮ ಮನೆಯಲ್ಲಿದೆ ಎಂದರೆ ಅವರಿಗೂ ನಮಗೂ ಚೆನ್ನಾಗಿದೆ ಎಂದರ್ಥ, ಕೊಟ್ಟು ಮುಗಿಸಿಬಿಟ್ಟರೆ ಇನ್ನೇನು ಉಳಿಯಿತು ಎಂಬುದು ಅವಳ ವಾದ. ಇಂಥ ಇಬ್ಬರನ್ನು ಒಂದೇ ಸೂರಿನ ಕೆಳಗೆ ಇಟ್ಟ ದೇವರ ಉದ್ದೇಶ ನನಗೆ ಇನ್ನೂ ತಿಳಿದಿಲ್ಲ.

ನಮ್ಮ ಮನೆಯಲ್ಲಿ ಹೆಚ್ಚು ಉಳಿಯುವುದು ಪಾತ್ರೆಗಳು. ಇದಕ್ಕೆ ಕಾರಣ ನಮ್ಮ ಕಡೆಯ ಒಂದು ಶಾಸ್ತ್ರ: ತಿಂಡಿ ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸು ಕಳಿಸಬಾರದು. ಎದುರು ಮನೆಯವರು ಡಬ್ಬದಲ್ಲಿ ಕೋಡುಬಳೆ ಕಳಿಸಿದರೆ, ನಾವು ಏನಾದರೂ ಮಾಡುವವರೆಗೆ ಆ ಡಬ್ಬ ನಮ್ಮಲ್ಲೇ ಕಾಯುತ್ತದೆ. ನಾವು ಮಾಡಿದ ದಿನ ಅವರು ಊರಲ್ಲಿರುವುದಿಲ್ಲ. ಅವರು ಬಂದ ದಿನ ನಾವು ಮಾಡಿದ್ದು ಮುಗಿದಿರುತ್ತದೆ. ಹೀಗೆ ನಿಂತುಹೋದ ಪಾತ್ರೆಗಳೆಲ್ಲ ಅಡುಗೆಮನೆಯ ಅಟ್ಟ ಸೇರಿವೆ. ಸ್ಟೀಲು ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ನಮ್ಮ ಹೆಂಗಸರ ರೂಢಿಯಲ್ಲವೇ, ನಮ್ಮ ಅಟ್ಟ ಹತ್ತಿ ನಿಂತು ಓದುತ್ತಾ ಹೋದರೆ ಮಧುಗಿರಿಯ ಅರ್ಧ ಮತದಾರರ ಪಟ್ಟಿ ಸಿಕ್ಕೀತು. ನಮ್ಮ ಹೆಸರಿನ ಪಾತ್ರೆ ಮಾತ್ರ ಒಂದೂ ಇಲ್ಲ. ಅವೆಲ್ಲ ಬೇರೆಯವರ ಅಟ್ಟದಲ್ಲಿವೆ.

ಈಗ ಬಟ್ಟಲಿನ ವಿಷಯಕ್ಕೆ ಬರುತ್ತೇನೆ. ನಾನು ಮಧುಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಪಕ್ಕದ ಮೇಜಿನ ಜಬ್ಬಾರ್ ಸಾಹೇಬರು ದಿನಾ ಸಿರಾದಿಂದ ಬಸ್ಸಿನಲ್ಲಿ ಬರುವವರು. ರಂಜಾನ್ ಹಬ್ಬಕ್ಕೆ ಅವರ ಮನೆಯಿಂದ ನಮಗೆ ಶೀರ್ ಖುರ್ಮಾ ತಪ್ಪದೆ ಬರುತ್ತದೆ. ಶಾವಿಗೆ, ಹಾಲು, ಖರ್ಜೂರ, ಬಾದಾಮಿ ಹಾಕಿ ಕುದಿಸಿದ ಆ ಪಾಯಸಕ್ಕಾಗಿ ನಮ್ಮ ಮನೆಯಲ್ಲಿ ಚಂದ್ರನನ್ನು ಅವರಷ್ಟೇ ಕಾತರದಿಂದ ನೋಡುತ್ತೇವೆ. ಪ್ರತಿ ಸಲ ಸ್ಟೀಲ್ ಕ್ಯಾರಿಯರಿನಲ್ಲಿ ಬರುತ್ತಿದ್ದದ್ದು ಈ ಸಲ ಬಟ್ಟೆಯಲ್ಲಿ ಕಟ್ಟಿದ ಒಂದು ಮಣ್ಣಿನ ಬಟ್ಟಲಿನಲ್ಲಿ ಬಂತು. ಅಗಲ ಬಾಯಿ, ಹಾಲಿನಂಥ ಬಿಳುಪು. ಪಾಯಸ ಮುಗಿಯುತ್ತಾ ಬಂದಂತೆ ತಳದಲ್ಲಿ ಒಂದು ಪ್ರಾಣಿ ಕಾಣಿಸಿಕೊಂಡಿತು. ಉದ್ದ ಕತ್ತು, ಮೈತುಂಬ ಚುಕ್ಕೆ, ದೊಡ್ಡ ಗುಂಡು ಕಣ್ಣು, ಬಾಯಲ್ಲಿ ಒಂದು ಎಲೆ. ಕಾಲು ನೋಡಿದರೆ ಓಡುತ್ತಿದೆ, ಮುಖ ನೋಡಿದರೆ ಹಿಂದಕ್ಕೆ ತಿರುಗಿದೆ. ನಾನು ಜಿಂಕೆ ಎಂದೆ. ಗಿರಿಜೆ ಮೇಕೆ ಎಂದಳು. ನಮ್ಮಲ್ಲಿ ಮಾತು ಅಲ್ಲಿಗೇ ನಿಲ್ಲುವ ಪದ್ಧತಿಯಿಲ್ಲವಾದರೂ ಅವತ್ತು ಪಾಯಸದ ಅಮಲಿನಲ್ಲಿ ನಿಂತಿತು.

ಕೆಲವು ವಾರ ಕಳೆದ ಮೇಲೆ ಒಂದು ಶುಕ್ರವಾರ ಜಬ್ಬಾರ್ ಸಾಹೇಬರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅವರ ಮುಖ ಬಾಡಿತ್ತು.

"ಸ್ವಾಮಿಗಳೇ, ಆ ಬಟ್ಲು ಜೋಪಾನವಾಗಿದೆ ತಾನೇ?"

"ಅಟ್ಟದಲ್ಲಿದೆ ಸಾಹೇಬ್ರೇ," ಎಂದೆ. ನಮ್ಮ ಮನೆಯಲ್ಲಿ ಯಾವುದೇ ಪಾತ್ರೆಯ ಬಗ್ಗೆ ಕೇಳಿದರೂ ಇದೇ ಉತ್ತರ.

ಅವರು ನಿಟ್ಟುಸಿರು ಬಿಟ್ಟು ಕಥೆ ಹೇಳಿದರು. ಅದು ಅವರ ತಾಯಿ, ಮನೆಯವರೆಲ್ಲ ಅಮ್ಮಿ ಎನ್ನುವ ಹಿರಿಯರು, ಮದುವೆಯಾಗಿ ಬಂದಾಗ ತವರಿನಿಂದ ತಂದ ಬಟ್ಟಲಂತೆ. ಅವರ ತವರಿಗೆ ಅದು ಯಾವ ಕಾಲದಲ್ಲೋ ಇರಾನಿನಿಂದ ಬಂದದ್ದು ಎಂಬ ಮಾತಿತ್ತು. ಯಾರೂ ಅದನ್ನು ನಂಬಿರಲಿಲ್ಲ. ಹೋದ ವರ್ಷ ಹಳೆಯ ಮಡಕೆ ಕುಡಿಕೆಗಳ ಬಗ್ಗೆ ಓದಿಕೊಂಡ ಬೆಂಗಳೂರಿನ ಒಬ್ಬ ಮೇಡಂ ಯಾರದೋ ಮದುವೆಗೆ ಬಂದವರು ಕಪಾಟಿನಲ್ಲಿ ಅದನ್ನು ನೋಡಿ ಕೂತುಬಿಟ್ಟರಂತೆ. ಕೆಂಪು ಮಣ್ಣಿನ ಬಟ್ಟಲಿಗೆ ಬಿಳಿ ಮಣ್ಣಿನ ನೀರು ಬಳಿದು, ಅದರ ಮೇಲೆ ಬಣ್ಣದ ಮಣ್ಣಿನಲ್ಲೇ ಚಿತ್ರ ಬರೆದು, ಗಾಜಿನಂಥ ಹೊಳಪು ಕೊಟ್ಟು ಸುಟ್ಟದ್ದು. ಇರಾನಿನ ನಿಶಾಪುರದ ಕಡೆಯದು. ಸಾವಿರ ವರ್ಷದ ಆಸುಪಾಸಿನದು ಎಂದರಂತೆ. ಅಂಥದ್ದನ್ನು ಪಾಯಸ ಹಾಕಿ ಕಳಿಸಿದ್ದು ಯಾಕೆಂದರೆ, ಹಬ್ಬದ ದಿನ ಮನೆಯ ಡಬ್ಬಗಳೆಲ್ಲ ಊರವರ ಮನೆಗೆ ಹೋಗಿ, ನಮ್ಮಂಥವರ ಅಟ್ಟದಲ್ಲಿ ಸಿಕ್ಕಿಕೊಂಡಿದ್ದವು. ಹೊಸದಾಗಿ ಬಂದ ಸೊಸೆ ನಸ್ರೀನ್ ಪಾತ್ರೆ ಸಾಲದೆ ಕಪಾಟಿಗೆ ಕೈ ಹಾಕಿದ್ದಾಳೆ.

"ಭಾನುವಾರ ಮಧ್ಯಾಹ್ನ ಆ ಮೇಡಂ ಫೋಟೋ ತೆಗೆಯೋಕೆ ಬರ್ತಾರೆ. ಕಪಾಟಿನ ಗಾಜಿಗೆ ಪರದೆ ಇಳಿಬಿಟ್ಟಿದೀವಿ, ಅಮ್ಮಿಗೆ ಇನ್ನೂ ಗೊತ್ತಿಲ್ಲ. ಸೊಸೆ ಸರಿಯಾಗಿ ಊಟ ಮಾಡ್ತಿಲ್ಲ, ತಪ್ಪೆಲ್ಲ ತನ್ನ ತಲೆಗೆ ಬರುತ್ತೆ ಅಂತ. ನಾಳೆ ನಾಡಿದ್ದರಲ್ಲಿ ತಲುಪಿಸಿಬಿಡಿ ಸ್ವಾಮಿಗಳೇ. ಏನೂ ತುಂಬಬೇಡಿ. ಖಾಲಿನೇ ಕೊಡಿ."

ಇರಾನು ನಮಗೇನೂ ದೂರದ ದೇಶವಲ್ಲ. ಸಿರಾದಲ್ಲಿ ಸುಬೇದಾರರು ಕೂತು ಆಳಿದ ಕಾಲದಿಂದ ನಮ್ಮ ಕಚೇರಿಗಳ ಬಾಯಲ್ಲಿ ಪಾರಸಿ ಮಾತು ಉಳಿದುಕೊಂಡಿದೆ. ನಾನು ಗುಮಾಸ್ತ, ನನ್ನ ಮುಂದಿನದು ದಸ್ತಾವೇಜು, ಜನ ಜಮೀನಿಗೆ ಹಾಕುವುದು ದರಖಾಸ್ತು, ಎಲ್ಲ ಅಲ್ಲಿಂದ ಬಂದ ಮಾತುಗಳೇ. ಆದರೆ ಮಾತುಗಳು ಕೈಜಾರಿ ಬಿದ್ದರೆ ಒಡೆಯುವುದಿಲ್ಲ. ನಾನು ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿದೆ.

ಅಟ್ಟದಲ್ಲಿ ಬಟ್ಟಲಿರಲಿಲ್ಲ.

"ಅದಾ? ಅಕ್ಕನ ಮನೆಗೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕಳಿಸಿದೆ," ಎಂದಳು ಗಿರಿಜೆ, ಈರುಳ್ಳಿ ಹೆಚ್ಚುತ್ತಾ. "ಉಪ್ಪಿನಕಾಯಿಗೆ ಸ್ಟೀಲು ಆಗಲ್ಲ ಕಣ್ರೀ. ಮಣ್ಣಿಂದೇ ಒಳ್ಳೇದು."

ಸಾವಿರ ವರ್ಷದ ಹಾಲು ಬಿಳುಪಿನ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆ. ನಾನು ಅಲ್ಲೇ ಹೊಸಿಲ ಮೇಲೆ ಕೂತೆ. ನಮ್ಮ ಶಾಸ್ತ್ರದಲ್ಲಿರುವ ಒಂದು ದೊಡ್ಡ ಲೋಪ ನನಗೆ ಆಗ ಹೊಳೆಯಿತು. ಪಾತ್ರೆಯನ್ನು ಖಾಲಿ ಕಳಿಸಬಾರದು ಎಂದಿದೆಯೇ ಹೊರತು ಯಾರಿಗೆ ಕಳಿಸಬೇಕು ಎಂದು ಎಲ್ಲೂ ಹೇಳಿಲ್ಲ. ಹೆಸರು ಕೊರೆದ ಪಾತ್ರೆಯಾದರೆ ಅದೇ ದಾರಿ ತೋರಿಸುತ್ತದೆ. ಹೆಸರಿಲ್ಲದ ಪಾತ್ರೆ ಹೋದದ್ದೇ ದಾರಿ.

ಅಕ್ಕನಿಗೆ ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದೆ. ಆದರೆ ಗಿರಿಜೆಯ ಅಕ್ಕನಿಗೆ ಫೋನಿನಲ್ಲಿ ಒಂದು ಕೇಳಿದರೆ ಕೇಳಿದ್ದನ್ನು ಬಿಟ್ಟು ಮಿಕ್ಕ ಹತ್ತು ಹೇಳುತ್ತಾರೆ. ಜಿಂಕೆ ಇರೋ ಬಟ್ಟಲು ಬಂತಾ ಎಂದರೆ, ಜಿಂಕೆಯ ಬಟ್ಟಲು ತಮ್ಮ ಜನ್ಮದಲ್ಲಿ ನೋಡಿಲ್ಲ ಎಂದು ಹೇಳಿ, ತಮ್ಮ ಮಂಡಿನೋವಿನ ವಿಷಯ ತೆಗೆದರು. ಸಂಜೆಯ ಬಸ್ಸಿಗೆ ಕೊರಟಗೆರೆಗೆ ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಕೂರಲಾಗಲಿಲ್ಲ. ಕಂಡಕ್ಟರು, "ಕೂತ್ಕಳಿ ಸಾರ್, ನೀವು ನಿಂತ್ರೆ ಬಸ್ಸು ಬೇಗ ಹೋಗಲ್ಲ," ಎಂದ.

"ಅಯ್ಯೋ, ಆ ನಾಯಿ ಬಟ್ಲಾ?" ಎಂದರು ಅಕ್ಕ, ನಾನು ಕೈಯಲ್ಲಿ ಅಳತೆ ತೋರಿಸಿದ ಮೇಲೆ. "ಫೋನಲ್ಲಿ ಜಿಂಕೆ ಅಂದ್ರೆ ನಂಗೆಂಗೆ ಗೊತ್ತಾಗ್ಬೇಕು? ಉಪ್ಪಿನಕಾಯಿ ಜಾಡಿಗೆ ಹಾಕ್ಬುಟ್ಟು ತೊಳೆದಿಟ್ಟಿದ್ದೆ. ನಮ್ ಮಾಳಿಗೆ ಮೇಲೆ ಬಾಡಿಗೆಗಿರೋ ಟೀಚರ್ ಊರಿಗೆ ಹೊರಟಿದ್ಳು. ಅವ್ರ ತಾಯಿ ಪಾಪ ಹೋದ್ಸಲ ಹುಣಸೆಹಣ್ಣು ಕಳಿಸಿದ್ರು. ಬೂದುಗುಂಬಳದ ಸಂಡಿಗೆ ತುಂಬಿ ಕೊಟ್ಟೆ."

"ಯಾವ ಊರು ಅವರದು?"

"ವಳ್ಳೂರು. ಪಾವಗಡ ದಾಟಿ." ಇಷ್ಟು ಹೇಳಿ ಅಕ್ಕ ನನ್ನ ಮುಖ ನೋಡಿದರು. "ಒಂದು ಮಣ್ಣಿನ ಬಟ್ಲಿಗೆ ಇಷ್ಟು ಬೆವರ್ತಾರೇನ್ರಪ್ಪ?"

ನಾನು ಬೆಲೆಯ ಮಾತು ಎತ್ತಲಿಲ್ಲ. ಎತ್ತಿದರೆ ಅದು ನನಗಿಂತ ಮೊದಲು ನಾಲ್ಕು ತಾಲ್ಲೂಕು ಸುತ್ತುತ್ತದೆ. ಜೊತೆಗೆ ನನಗೆ ಬಟ್ಟಲಿಗಿಂತ ಆ ಊಟ ಬಿಟ್ಟ ಹುಡುಗಿಯೇ ಕಣ್ಣ ಮುಂದೆ ಬರುತ್ತಿದ್ದಳು. ಹೊಸ ಮನೆಗೆ ಬಂದು, ಹಬ್ಬದ ದಿನ, ಯಾರ ಮನೆಗೂ ಪಾಯಸ ತಪ್ಪಬಾರದೆಂದು ಕೈಗೆ ಸಿಕ್ಕ ಪಾತ್ರೆ ತೆಗೆದುಕೊಂಡವಳು. ಅವಳ ಜಾಗದಲ್ಲಿ ಗಿರಿಜೆ ಇದ್ದಿದ್ದರೆ ಕಪಾಟನ್ನೇ ಕಳಿಸುತ್ತಿದ್ದಳು.

ಶನಿವಾರ ಬೆಳಿಗ್ಗೆ ಪಾವಗಡದ ಬಸ್ಸು, ಅಲ್ಲಿಂದ ವಳ್ಳೂರಿಗೆ ಆಟೋ. ಕಣ್ಣು ಹಾಯಿಸಿದಷ್ಟೂ ಸೋಲಾರ್ ಫಲಕಗಳು, ಎಲ್ಲವೂ ಆರಾಮವಾಗಿ ಒರಗಿ ಬಿಸಿಲು ಕಾಯಿಸುತ್ತಿದ್ದವು. ಇಡೀ ತಾಲ್ಲೂಕಿನಲ್ಲಿ ಚಡಪಡಿಸುತ್ತಿದ್ದದ್ದು ನಾನೊಬ್ಬನೇ. ಟೀಚರ ತಾಯಿ ಓಬುಳಮ್ಮ ನಡುಮನೆಯಲ್ಲಿ ಕಡ್ಲೆಕಾಯಿ ಸುಲಿಯುತ್ತಾ ಕೂತಿದ್ದರು. ಹೆಸರು ಹೇಳಿ, ಬಟ್ಟಲಿನ ವಿಷಯ ಎತ್ತಿದೆ. ಈ ಸಲ ಬುದ್ಧಿವಂತಿಕೆಯಿಂದ ಪ್ರಾಣಿಯ ಹೆಸರು ಹೇಳಲಿಲ್ಲ, ಚುಕ್ಕೆ ಚುಕ್ಕೆ ಪ್ರಾಣಿ ಎಂದೆ.

"ರಾಂಡಿ ಸಾರ್, ಕೂತ್ಕೋಂಡಿ. ಆ ಗಾಡಿದೆ ಬಟ್ಲು ಕದಾ?" ಎಂದರು. ಗಾಡಿದೆ ಎಂದರೆ ಆ ಕಡೆಯ ತೆಲುಗಿನಲ್ಲಿ ಕತ್ತೆ. "ಬಂದಿತ್ತು ಸಾರ್. ಹುಲಿಕುಂಟೆ ಕಡೆಯಿಂದ ಕುರಿ ಮಂದೆ ಬಂದಿತ್ತು, ನಮ್ಮ ಹೊಲದಾಗೆ ಗೊಬ್ಬರಕ್ಕೆ ನಿಲ್ಲಿಸಿದ್ವಿ. ಮಂದೆ ಜೊತೇಲಿ ಈರಮ್ಮ ಅಂತ, ಬಾ ಮಂಚಿ ಹೆಂಗ್ಸು, ಬಲು ಒಳ್ಳೇಳು. ಹೋಗ್ತಾ ನಂಗೆ ತುಪ್ಪ ಕೊಟ್ಳು. ಚೊಂಬಿನ ತುಂಬ ತುಪ್ಪ ಕೊಟ್ಟೋಳ್ನ ಊರಿಕೇ ಕಳಿಸೋದಾ? ಕಡ್ಲೆಕಾಯಿ ಉಂಡೆ ಮಾಡಿ ಆ ಬಟ್ಲಾಗೆ ಹಾಕಿ ಕೊಟ್ಟೆ."

ಊರಿಕೇ ಎಂದರೆ ಸುಮ್ಮನೆ. ಯಾರೂ ಯಾರನ್ನೂ ಸುಮ್ಮನೆ ಕಳಿಸದ ಈ ಸೀಮೆಯಲ್ಲಿ ನನ್ನನ್ನೂ ಸುಮ್ಮನೆ ಕಳಿಸಲಿಲ್ಲ. ಒಂದು ಚೀಲ ಕಡ್ಲೆಕಾಯಿ ಹೆಗಲೇರಿತು. ಬಟ್ಟಲು ಹುಡುಕಿಕೊಂಡು ಹೊರಟವನ ಹತ್ತಿರ ಆ ಹೊತ್ತಿಗೆ ಹೊರಡುವಾಗ ಅಕ್ಕ ಎರಡು ಡಬ್ಬ ತುಂಬಿ ಕೊಟ್ಟ ಸಂಡಿಗೆ, ಓಬುಳಮ್ಮ ಕೊಟ್ಟ ಕಡ್ಲೆಕಾಯಿ, ಎಲ್ಲ ಇದ್ದವು. ಬಟ್ಟಲೊಂದೇ ಇರಲಿಲ್ಲ.

ರಾತ್ರಿ ಪಾವಗಡದಲ್ಲೇ ತಂಗಿದೆ. ಭಾನುವಾರ ಬೆಳಿಗ್ಗೆ ಹುಲಿಕುಂಟೆಯಲ್ಲಿ ಈರಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕುರಿಗಳ ವಾಸನೆ ಹಿಡಿದು ಹೋದೆ. ಈರಮ್ಮ ನನ್ನ ಹೆಂಡತಿಯ ವಯಸ್ಸಿನ ಗಟ್ಟಿ ಹೆಂಗಸು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಎಳೆ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ನಮ್ಮ ಬಟ್ಟಲಿನಲ್ಲಿ. ಸಾವಿರ ವರ್ಷದ ನಿಶಾಪುರದೊಳಗೆ ಮುಂಗಾಲು ಒಂದನ್ನು ಇಟ್ಟುಕೊಂಡೇ ಮರಿ ಚಪ್ಪರಿಸುತ್ತಿತ್ತು.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಕೊಡಾದೇನೋ ಕೊಡ್ತೀನಿ ಕಣ್ ಸ್ವಾಮಿ. ಆದ್ರೆ ಇದು ತಬ್ಲಿ ಮರಿ. ತಾಯಿ ಸತ್ತೋಗದೆ. ಬ್ಯಾರೆ ಯಾವ್ ಪಾತ್ರೇಲೂ ಬಾಯೇ ಇಡ್ನಿಲ್ಲ. ಇದ್ರೊಳ್ಗೆ ಕುರಿ ಬರ್ದವ್ರಲ್ಲ, ಅದ್ನ ನೋಡ್ಕಂಡು ಕುಡೀತದೆ. ಅವ್ರವ್ವನೇ ಅನ್ಕಂಡದೆ," ಎಂದಳು.

ಒಂದು ಕಡೆ ಊಟ ಬಿಟ್ಟ ಸೊಸೆ, ಇನ್ನೊಂದು ಕಡೆ ಹಾಲು ಬಿಡಲಿರುವ ಮರಿ. ನನ್ನಂಥ ಪುಕ್ಕಲನಿಗೆ ದೇವರು ಇಷ್ಟು ದೊಡ್ಡ ನ್ಯಾಯ ತೀರಿಸಲು ಕೊಡಬಾರದಿತ್ತು. ಅಲ್ಯೂಮಿನಿಯಂ ತಟ್ಟೆಗೆ ಹಾಲು ಹಾಕಿದೆವು, ಮರಿ ಮುಖ ತಿರುಗಿಸಿತು. ಆಗ ನನ್ನ ತಲೆಗೆ ಒಂದು ಉಪಾಯ ಬಂತು. ಒಲೆಯಿಂದ ಇದ್ದಿಲು ತೆಗೆದುಕೊಂಡು ತಟ್ಟೆಯ ತಳದಲ್ಲಿ ನಾನೇ ಒಂದು ಕುರಿ ಬರೆದೆ. ಸ್ಕೂಲು ಬಿಟ್ಟ ಮೇಲೆ ನಾನು ಬರೆದ ಮೊದಲ ಚಿತ್ರ. ಮರಿ ಹತ್ತಿರ ಬಂದು ಚಿತ್ರವನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ ನೋಡಿತು. ಆಮೇಲೆ ಈರಮ್ಮ ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟು, ಬೆರಳನ್ನು ಮೆಲ್ಲಗೆ ತಟ್ಟೆಗೆ ಇಳಿಸಿದಳು. ಕುಡಿಯತೊಡಗಿತು. ಇದ್ದಿಲು ಹಾಲಿನಲ್ಲಿ ಕರಗಿ ಮರಿಯ ಮೂತಿ ಕಪ್ಪಾಯಿತು.

"ನನ್ನ ಚಿತ್ರ ಕೆಲಸ ಮಾಡ್ತಲ್ಲಮ್ಮ," ಎಂದೆ.

"ಹಸ್ವು ಸ್ವಾಮಿ," ಎಂದಳು ಈರಮ್ಮ.

ಬಟ್ಟಲನ್ನು ನಾನೇ ತೊಳೆದೆ. ಎಲ್ಲೂ ಒಡೆದಿರಲಿಲ್ಲ. ಉಪ್ಪಿನಕಾಯಿಯ ಕಲೆಯೂ ಇರಲಿಲ್ಲ. ಈರಮ್ಮ ಒಳಗೆ ಹೋಗಿ ಮೊರದಲ್ಲಿ ಹುರುಳಿಕಾಳು ತಂದಳು. ನಾನು ಬಟ್ಟಲನ್ನು ಎದೆಗವಚಿಕೊಂಡು, ಬೇಡಮ್ಮ, ಈ ಶಾಸ್ತ್ರದಿಂದಲೇ ಇಷ್ಟೆಲ್ಲ ಆದದ್ದು, ಇವತ್ತು ಇದು ಖಾಲಿ ಹೋಗಲೇಬೇಕು ಎಂದು ಗಟ್ಟಿಯಾಗಿ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಅಂಗೇ ತಗಂಡೋಗಿ. ನಮ್ಮನೇಲಿ ಏನೂ ಇರ್ನಿಲ್ಲ ಅನ್ಕಂತಾರೆ ಅಷ್ಟೇ," ಎಂದಳು. ಆ ಮಾತು ಮೈಗೆ ಚುಚ್ಚಿತು. ಆದರೂ ನಾನು ಬಗ್ಗಲಿಲ್ಲ. ಬಟ್ಟಲಿಗೆ ಟವಲು ಸುತ್ತಿ ಸಿರಾದ ಬಸ್ಸು ಹತ್ತಿದೆ.

ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ. ಸಾಹೇಬರ ಮನೆ ಅಲ್ಲಿಂದ ನಡೆಯುವಷ್ಟೇ ದೂರ. ಹೋಗಬೇಕು, ಕೊಡಬೇಕು, ತಿರುಗಿ ನೋಡದೆ ಬರಬೇಕು. ಆದರೆ ಅರ್ಧ ದಾರಿಗೆ ನನ್ನ ಕಾಲು ನಿಧಾನವಾಯಿತು. ಆ ಮನೆಯಿಂದ ಅದರಲ್ಲಿ ತುಂಬಿ ಬಂದದ್ದು ಶೀರ್ ಖುರ್ಮಾ. ನಾನು ಬೆರಳಿನಿಂದ ಬಳಿದು ತಿಂದದ್ದು. ಈಗ ಬರೀ ಬಟ್ಟಲು ಚಾಚಿ ನಿಂತರೆ ನೋಡುವುದಕ್ಕೆ ಹೇಗಿರುತ್ತದೆ? ನಮ್ಮನೇಲಿ ಏನೂ ಇರಲಿಲ್ಲ ಅಂದುಕೊಳ್ಳುತ್ತಾರಲ್ಲವೇ? ಹೆಗಲ ಚೀಲದಲ್ಲಿ ಸಂಡಿಗೆ, ಕಡ್ಲೆಕಾಯಿ ಇದ್ದವು ನಿಜ. ಅವು ಬೇರೆ ಮನೆಯವರು ಕೊಟ್ಟದ್ದು, ನನ್ನದು ಅನ್ನುವುದು ಏನಾದರೂ ಬೇಕಲ್ಲ. ನಾನು ಒಂದು ದಿನಸಿ ಅಂಗಡಿಯ ಮುಂದೆ ನಿಂತಿದ್ದೆ. ಹೇಗೆ ಬಂದು ನಿಂತೆನೋ ಗೊತ್ತಿಲ್ಲ. ಕಲ್ಲುಸಕ್ಕರೆ ಕೊಂಡು ಬಟ್ಟಲಿಗೆ ಸುರಿದುಕೊಂಡೆ. ಪ್ರಾಣಿಯ ಕಾಲು ಮುಚ್ಚುವಷ್ಟೇ. ಇಷ್ಟರಿಂದ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಯಲ್ಲಿ ಬೆಂಗಳೂರಿನ ಮೇಡಂ ಆಗಲೇ ಬಂದು ಕ್ಯಾಮೆರಾ ನಿಲ್ಲಿಸಿಕೊಂಡು ಕೂತಿದ್ದರು. ಜಬ್ಬಾರ್ ಸಾಹೇಬರು ಬಾಗಿಲು ಕಾಯುತ್ತಿದ್ದರು. ನಸ್ರೀನ್ ಅಡುಗೆಮನೆಯ ಪರದೆಯ ಹಿಂದಿನಿಂದ ನನ್ನ ಕೈಯಲ್ಲಿದ್ದ ಗಂಟು ನೋಡಿ ಅಲ್ಲೇ ಗೋಡೆಗೆ ಒರಗಿದಳು. ಅವಳ ಮುಖಕ್ಕೆ ಬಣ್ಣ ಬಂದದ್ದನ್ನು ನೋಡಿ ಮೂರು ದಿನದ ಓಡಾಟ ಸಾರ್ಥಕ ಎನ್ನಿಸಿತು. ಕಲ್ಲುಸಕ್ಕರೆಯನ್ನು ತಟ್ಟೆಗೆ ತೆಗೆದರು. ಮೇಡಂ ಬಟ್ಟಲನ್ನು ಹಸುಗೂಸಿನಂತೆ ಎತ್ತಿಕೊಂಡು ಹೋಗಿ ಮೇಲಿನಿಂದ, ಪಕ್ಕದಿಂದ, ತಲೆಕೆಳಗು ಮಾಡಿ ಫೋಟೋ ತೆಗೆದರು. ಇನ್ನು ಮೇಲೆ ಇದರಲ್ಲಿ ನೀರು ಕೂಡ ಹಾಕಬಾರದು ಎಂದು ಹೇಳಿದರು. ನಾನು ಕುರಿಮರಿಯ ವಿಷಯ ಹೇಳದೆ ತಲೆಯಾಡಿಸಿದೆ.

ಅಮ್ಮಿ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ನನ್ನನ್ನು ಹತ್ತಿರ ಕರೆದರು. "ಆವ್ ಬೇಟಾ, ಇಲ್ಲಿ ಕೂತ್ಕೋ. ಎಲ್ಲೆಲ್ಲಿಗೆ ಹೋಗಿತ್ತು ನನ್ನ ಬಟ್ಲು?"

ಸಾಹೇಬರು ಬೆಚ್ಚಿದರು. "ಅಮ್ಮೀ, ನಿಮ್ಗೆ ಗೊತ್ತಿತ್ತಾ?"

"ಇಷ್ಟು ವರ್ಷ ಇಲ್ದಿರೋ ಪರದೆ ಕಪಾಟಿಗೆ ಬಂದ್ರೆ ನಂಗೆ ಕಾಣಲ್ವಾ? ಹುಡುಗಿ ಸರಿಯಾಗೇ ಮಾಡಿದಾಳೆ. ಹಬ್ಬದ ದಿನ ಪಾತ್ರೆ ಇಲ್ಲ ಅಂತ ಮನೆ ಬಾಗ್ಲು ಹಾಕ್ಕೊಳೋದಾ? ನಾನು ನೋಡ್ತಾ ಇದ್ದೆ, ಅದು ಏನು ತುಂಬ್ಕೊಂಡು ಬರುತ್ತೆ ಅಂತ."

ನಾನು ಹೇಳಿದೆ. ಉಪ್ಪಿನಕಾಯಿ, ಸಂಡಿಗೆ, ಕಡ್ಲೆಕಾಯಿ ಉಂಡೆ, ಕೊನೆಗೆ ಮೇಡಂಗೆ ಕೇಳದ ಹಾಗೆ ದನಿ ತಗ್ಗಿಸಿ ಮರಿಯ ಹಾಲು. ಒಬ್ಬರಿಗೆ ಮೇಕೆ, ಒಬ್ಬರಿಗೆ ನಾಯಿ, ಒಬ್ಬರಿಗೆ ಕತ್ತೆ, ಒಬ್ಬರಿಗೆ ಕುರಿ ಕಂಡದ್ದನ್ನೂ ಹೇಳಿದೆ. ಅಮ್ಮಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನು ಬಂದಾಗಿಂದ ಕಪಾಟಿನಲ್ಲೇ ಕೂತಿತ್ತು ಪಾಪ. ನಾನೂ ಇಷ್ಟು ಊರು ನೋಡಿಲ್ಲ," ಎಂದರು. ಆಮೇಲೆ, "ನಿಂಗೇನು ಕಾಣಿಸ್ತು?" ಎಂದು ಕೇಳಿದರು. ಮೊದಲಿನಂತೆ ಜಿಂಕೆ ಎನ್ನಲು ಯಾಕೋ ಬಾಯಿ ಬರಲಿಲ್ಲ.

ಹೊರಡಲು ಎದ್ದೆ. ಅಮ್ಮಿ ಕೈ ಹಿಡಿದು ನಿಲ್ಲಿಸಿದರು. "ನಸ್ರೀನ್, ಖೀರು ಹಾಕಿ ಕೊಡಮ್ಮ. ನಮ್ಮ ಪಾತ್ರೇನ ತುಂಬಿಸಿ ತಂದಿದಾರೆ, ಬರಿಗೈಲಿ ಕಳಿಸೋಕಾಗುತ್ತಾ? ಖಾಲಿ ತಂದಿದ್ರೆ ಆ ಮಾತು ಬೇರೆ." ಡಬ್ಬ ಯಾವುದೂ ಇಲ್ಲವೆಂದು ನಸ್ರೀನ್ ಮೆಲ್ಲಗೆ ಹೇಳಿದಳು. ನನ್ನ ಚೀಲದಲ್ಲೇ ಎರಡು ಡಬ್ಬಗಳಿದ್ದವು, ಆದರೆ ಎರಡೂ ತುಂಬಿದ್ದವು. ಅಮ್ಮಿ ಬಟ್ಟಲಿನ ಕಡೆ ಗಲ್ಲ ಎತ್ತಿ ತೋರಿಸಿದರು. ಮೇಡಂ ಎದ್ದು ನಿಂತರು, ಏನೋ ಹೇಳಲು ಹೋಗಿ ಮತ್ತೆ ಕೂತರು. ಸಾಹೇಬರು ನನ್ನ ಮುಖ ನೋಡಿದರು, ನಾನು ಸಾಹೇಬರ ಮುಖ ನೋಡಿದೆ. ಆ ಮನೆಯಲ್ಲಿ ಅಮ್ಮಿಗೆ ಎದುರು ಮಾತಾಡಿದವರು ಯಾರೂ ಇರಲಿಲ್ಲ. ಹಿಡಿ ಕಲ್ಲುಸಕ್ಕರೆ ತಂದಿರದಿದ್ದರೆ ನಾನು ಆ ಬಾಗಿಲಿನಿಂದ ನಿರಾಳವಾಗಿ ಕೈಬೀಸಿಕೊಂಡು ಹೊರಗೆ ಬರುತ್ತಿದ್ದೆ.

ಮಧುಗಿರಿಯ ಬಸ್ಸಿನಲ್ಲಿ ಎರಡೂ ಕೈಯಿಂದ ಬಟ್ಟಲನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ. ಮೇಲೆ ಮುಚ್ಚಿ ಕೊಟ್ಟಿದ್ದ ತಟ್ಟೆ ಜಾರಿ ಪಕ್ಕದವರ ಕಾಲಡಿಗೆ ಹೋಗಿತ್ತು. ಫೋನ್ ಬಡಿದುಕೊಂಡಿತು. ಪಕ್ಕದ ಸೀಟಿನ ಹಿರಿಯರು ನನ್ನ ಜೇಬಿನಿಂದ ತೆಗೆದು, ನನ್ನ ಕಿವಿಗೆ ಹಿಡಿದರು.

"ಕೊಟ್ರಾ? ಖಾಲಿ ಕೊಡ್ಲಿಲ್ಲ ತಾನೇ?" ಗಿರಿಜೆಯ ದನಿ.

"ಇಲ್ಲ."

"ಹಾಗಾದ್ರೆ ಈಗ ಏನು ತರ್ತಿದೀರಿ?"

ನಾನು ತೊಡೆಯ ಮೇಲಿನ ಬಟ್ಟಲು ನೋಡಿದೆ. ಹಿರಿಯರು ಫೋನನ್ನು ತಮ್ಮ ಬಾಯಿಗೆ ತಿರುಗಿಸಿಕೊಂಡು, "ಪಾಯ್ಸ ಕಣಮ್ಮ. ಮಣ್ಣಿನ ಬಟ್ಲಾಗೈತೆ, ಬಟ್ಲೂ ಸಂದಾಗೈತೆ," ಎಂದರು.

ಅತ್ತ ಕಡೆಯಿಂದ ಗಿರಿಜೆ, "ಸರಿ ಬಿಡಿ, ಉಪ್ಪಿನಕಾಯಿಗೆ ಮಾವಿನಕಾಯಿ ಇನ್ನೂ ಸಿಗ್ತಾವೆ," ಎಂದು ಫೋನಿಟ್ಟಳು.

ರಸ್ತೆಯ ಗುಂಡಿಗೆ ಬಸ್ಸು ಎತ್ತಿಹಾಕಿತು. ಖೀರು ಒಂದು ಕಡೆಗೆ ಸರಿದು ತಳ ಕಾಣಿಸಿತು. ಕಾಲು ಓಡುತ್ತಿದೆ, ಕತ್ತು ಹಿಂದಕ್ಕೆ ತಿರುಗಿದೆ, ಕಣ್ಣಿನಲ್ಲಿ ಗಾಬರಿ, ಬಾಯಲ್ಲಿ ಯಾರದೋ ಮನೆಯಿಂದ ತಂದ ತುತ್ತು. ಅದು ಯಾವ ಪ್ರಾಣಿ ಎಂದು ನನಗೆ ಆಗ ಗುರುತು ಸಿಕ್ಕಿತು, ದಿನಾ ಕನ್ನಡಿಯಲ್ಲಿ ನೋಡುವ ಮುಖವೇ. ಹಿರಿಯರು ಬಗ್ಗಿ ನೋಡಿ, "ಯಾವ್ದು ಸ್ವಾಮಿ ಇದು?" ಎಂದು ಕೇಳಿದರು. ಜಿಂಕೆ ಎಂದುಬಿಟ್ಟೆ.